ಕೈ ಬಿಟ್ಟರೆ ಹೋಗುವ ಚಿತ್ರ

ಷಡ್ಡಕನ ಮನೆಯ ಕರೆಗಂಟೆ ಹಕ್ಕಿಯ ಹಾಗೆ ಕೂಗುತ್ತಿತ್ತು. ಆ ಹಕ್ಕಿಯ ಕತ್ತು ಹಿಚುಕಬೇಕೆಂದು ಇಲ್ಲಿಗೆ ಬಂದಾಗಲೆಲ್ಲ ಅವನಿಗೆ ಅನ್ನಿಸುತ್ತಿತ್ತು, ಇವತ್ತೂ ಅನ್ನಿಸಿತು. ಬಾಗಿಲು ತೆರೆಯುವಷ್ಟರಲ್ಲಿ ಮುಖಕ್ಕೊಂದು ನಗು ತಂದುಕೊಳ್ಳಬೇಕು. ಅಂಗಡಿಗೆ ಗಿರಾಕಿ ಬಂದಾಗ ತಾನಾಗಿ ಬರುವ ನಗು ಈ ಬಾಗಿಲಿನ ಮುಂದೆ ಮಾತ್ರ ಬರುವುದಿಲ್ಲ. ಎಳೆದು ತರಬೇಕು, ತಂದರೂ ಬಾಯಿಯ ಒಂದು ಕೊನೆಯಲ್ಲಿ ಮಾತ್ರ ನಿಲ್ಲುತ್ತದೆ. ಹೆಗಲಿನಲ್ಲಿ ವೈರಿನ ಸುರುಳಿ, ಕೈಯಲ್ಲಿ ಉದ್ದನೆಯ ಚೀಲ, ಚೀಲದ ಬಾಯಿಂದ ಇಣುಕುವ ಅಲ್ಯೂಮಿನಿಯಮ್ ಕಡ್ಡಿಗಳು. ಹಿಂದೆ ಲಿಫ್ಟು ನರಳುತ್ತ ಕೆಳಗಿಳಿಯಿತು. ಈ ಮನೆ ಲಿಫ್ಟಿನ ಗೋಡೆಗೇ ಅಂಟಿಕೊಂಡಿತ್ತು. ಆ ನರಳಾಟದಲ್ಲಿ ಈ ಜನ ಹೇಗೆ ನಿದ್ದೆ ಮಾಡುತ್ತಾರೋ ಎಂದುಕೊಂಡ, ಮರುಕ್ಷಣವೇ, ದುಡ್ಡಿದ್ದವರಿಗೆ ಎಲ್ಲ ಕಡೆಯೂ ನಿದ್ದೆ ಬರುತ್ತದೆ ಎಂದು ತಾನೇ ಉತ್ತರ ಹೇಳಿಕೊಂಡ. ಬಾಗಿಲು ತೆರೆದ ಷಡ್ಡಕ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿದ್ದ. "ಬಂದ್ರಪ್ಪ ಕಡ್ಡಿರಾಯ್ರು," ಎಂದು ಒಳಗಿನವರಿಗೆಲ್ಲ ಕೇಳುವಂತೆ ಹೇಳಿದ. ಒಳಗೆ ಯಾರೋ ನಕ್ಕರು. ಹೆಂಡತಿಯೇ ನಕ್ಕಿದ್ದಿರಬಹುದು. ಅಕ್ಕನಿಗೆ ಅಡುಗೆಯಲ್ಲಿ ಸಹಾಯವಾಗಲಿ ಎಂದು ಅವಳು ನಿನ್ನೆ ಸಂಜೆಯೇ ಬಂದಿದ್ದಳು, ಮತ್ತು ಈ ಮನೆಗೆ ಬಂದಾಗ ಅವಳ ನಗು ಬೇರೆಯಾಗುತ್ತಿತ್ತು.

ಕಡ್ಡಿರಾಯ ಎಂಬ ಹೆಸರು ಬಿದ್ದದ್ದೂ ಇದೇ ಮನೆಯಲ್ಲಿ. ತಿಂಗಳ ಬಾಡಿಗೆಯಿಲ್ಲ, ಕೇಬಲ್ಲಿನವನ ಹಂಗಿಲ್ಲ, ಗಾಳಿಯಲ್ಲಿ ಬರುವ ಚಿತ್ರ ಪುಕ್ಕಟೆ, ಒಂದು ಆಂಟೆನಾ ಕೊಂಡರೆ ಜನ್ಮಕ್ಕೆ ಸಾಕು: ಈ ಮಾತನ್ನು ಅವನು ಎಷ್ಟು ಹೊಸಿಲುಗಳಲ್ಲಿ ನಿಂತು ಹೇಳಿದ್ದನೆಂದರೆ, ಒಮ್ಮೆ ನಿದ್ದೆಯಲ್ಲಿ ಹೇಳಿದನಂತೆ. ಹೆಂಡತಿ ಅದನ್ನು ಅಕ್ಕನಿಗೆ ಹೇಳಿದಳು, ಅಕ್ಕ ಗಂಡನಿಗೆ ಹೇಳಿದಳು, ಷಡ್ಡಕ ಊಟದ ಮೇಜಿನಲ್ಲಿ ಅವನ ಎದುರಿಗೇ ಅದನ್ನು ಅಭಿನಯಿಸಿ ತೋರಿಸಿದ. ಅವತ್ತು ಅವನೂ ನಕ್ಕಿದ್ದ. ನಗಬಾರದಿತ್ತು. ನಕ್ಕಿದ್ದರಿಂದಲೇ ಇವರು ತಲೆಯ ಮೇಲೆ ಹತ್ತಿ ಕೂತರು. ಈಗ ಈ ಕಟ್ಟಡದವರಿಗೂ ಕೇಬಲ್ಲಿನವನಿಗೂ ಜಗಳವಾಗಿ, ಅವನು ಸಿಟ್ಟಿನಲ್ಲಿ ಮುಖ್ಯ ವೈರನ್ನೇ ಕತ್ತರಿಸಿಕೊಂಡು ಹೋದ ಮೇಲೆ ನಲವತ್ತು ಮನೆಗಳ ಟಿವಿ ಕುರುಡಾಗಿ ಕೂತಾಗ, ಕಡ್ಡಿರಾಯ ನೆನಪಾಗಿದ್ದ. ಷಡ್ಡಕ ಕಟ್ಟಡದ ಸೊಸೈಟಿಗೆ ಕಾರ್ಯದರ್ಶಿ. "ಭಾನುವಾರ ಬಂದು ನಮ್ಮನೇಲಿ ಹಾಕಿ ತೋರ್ಸು. ಊಟಾನೂ ಇಲ್ಲೇ. ಚೆನ್ನಾಗಿ ಬಂತು ಅಂದ್ರೆ ಎಲ್ಲಾ ಮನೆಗೂ ನಿನ್ನ ಹತ್ರಾನೇ ತಗೊಳ್ಳೋಣ. ಬರ್ಲಿಲ್ಲ ಅಂದ್ರೆ," ಎಂದು ನಿಲ್ಲಿಸಿ, ಫೋನಿನಲ್ಲೇ ಹಲ್ಲು ಕಿರಿದದ್ದು ಕಾಣುವಂತೆ ಹೇಳಿದ್ದ, "ನಮ್ಮ ಗೋಡೌನಿನ ಕುರ್ಚಿ ಇದ್ದೇ ಇದೆಯಲ್ಲ."

ಆ ಕುರ್ಚಿಯನ್ನು ಅವನು ನೋಡಿದ್ದ. ಷಡ್ಡಕ ಮ್ಯಾನೇಜರಾಗಿರುವ ಟೈಲ್ಸ್ ಗೋಡೌನಿನ ಗೇಟಿನ ಪಕ್ಕ, ಬಿಸಿಲು ನೇರವಾಗಿ ಬೀಳುವ ಜಾಗದಲ್ಲಿ, ಒಂದು ಕೈ ಮುರಿದ ಪ್ಲಾಸ್ಟಿಕ್ ಕುರ್ಚಿ. ಅದರಲ್ಲಿ ಕೂತು ಬಂದ ಲಾರಿ ಹೋದ ಲಾರಿ ಬರೆಯಬೇಕು, ಷಡ್ಡಕನ ಕಾರು ಬಂದಾಗ ಎದ್ದು ಗೇಟು ತೆರೆಯಬೇಕು, ಭಾವ ಅನ್ನುವ ಬಾಯಲ್ಲಿ ಸಾರ್ ಅನ್ನಬೇಕು. ಅಂಗಡಿ ಮುಚ್ಚುವ ಸ್ಥಿತಿಗೆ ಬಂದಿರುವುದು ಹೆಂಡತಿಗೂ ಗೊತ್ತಿತ್ತು. "ಕುರ್ಚಿ ಅಂದ್ರೆ ಕುರ್ಚಿ, ಅದ್ರಲ್ಲಿ ಕೂತ್ರೆ ಏನು ಮುಳ್ಳು ಚುಚ್ಚುತ್ತಾ?" ಎಂದು ಅವಳು ಕೇಳಿದ್ದಳು. ಚುಚ್ಚುತ್ತದೆ ಎಂದು ಅವನು ಹೇಳಿರಲಿಲ್ಲ. ಇವತ್ತು ಈ ಮನೆಯಲ್ಲಿ ಚಿತ್ರ ಬಂದರೆ ಆ ಕುರ್ಚಿ ಬೇರೆ ಯಾರಿಗಾದರೂ ಹೋಗುತ್ತದೆ. ಬರದಿದ್ದರೆ ಅದು ಅವನದು. ಬೆಳಿಗ್ಗೆಯಿಂದ ಅವನ ತಲೆಯಲ್ಲಿ ಇದ್ದದ್ದು ಇಷ್ಟೇ, ಬಿಸಿ ತುಪ್ಪದ ಹಾಗೆ, ಉಗುಳಲಿಕ್ಕೂ ಇಲ್ಲ ನುಂಗಲಿಕ್ಕೂ ಇಲ್ಲ.

ಹಾಲಿನಲ್ಲಿ ಅತ್ತೆ ಸೋಫಾದ ತುದಿಯಲ್ಲಿ ಕೂತು ಆರಿದ ಟಿವಿಯನ್ನೇ ನೋಡುತ್ತಿದ್ದರು. ಮೊಣಕಾಲು ನೋವಿನಿಂದ ಹೊರಗೆ ಹೋಗಲಾಗದ ಹೆಂಗಸು. ದೊಡ್ಡ ಮಗಳ ಮನೆಯಲ್ಲಿ ಅವರಿಗೆ ಇದ್ದ ಒಂದೇ ಬೀದಿ ಆ ಟಿವಿ. ಅವರ ಪಕ್ಕದಲ್ಲಿ ಎದುರುಮನೆಯ ದಂತವೈದ್ಯ, ಸೊಸೈಟಿಯ ಕಡೆಯಿಂದ ಪರೀಕ್ಷೆ ಮಾಡಲು ಬಂದವನು, ಕಾಲ ಮೇಲೆ ಕಾಲು ಹಾಕಿ ಅವನ ಬಾಯಿಯನ್ನೇ ನೋಡಿದ. "ಬಂದ್ರಾ," ಎಂದರು ಅತ್ತೆ. "ಬಂದೆ ಅತ್ತೆ." ಅಷ್ಟೇ. ಅವನು ಬಾಲ್ಕನಿಗೆ ಹೋಗಿ ಚೀಲ ಬಿಚ್ಚಿದ. ಟಿವಿ ಪ್ರಸಾರದ ಟವರು ಇರುವ ದಿಕ್ಕಿಗೆ ಎದುರಾಗಿ ಇನ್ನೊಂದು ಎತ್ತರದ ಕಟ್ಟಡ ಎದೆ ಸೆಟೆಸಿ ನಿಂತಿತ್ತು. ಇಂಥ ಜಾಗಗಳು ಅವನಿಗೆ ಗೊತ್ತಿದ್ದವು. ಎದುರಿಗೆ ಗೋಡೆಯಿದ್ದರೆ ಕಡ್ಡಿ ಏನು ಮಾಡೀತು. ಹಳೆಯ ಕಾಲದ ಟಿವಿಯಾದರೆ ಚುಕ್ಕಿ ಚುಕ್ಕಿಯಾಗಿಯಾದರೂ ಬರುತ್ತಿತ್ತು, ಜನ ಆ ಚುಕ್ಕಿಗಳ ನಡುವೆಯೇ ಮುಖ ಹುಡುಕಿಕೊಂಡು ಖುಷಿಪಡುತ್ತಿದ್ದರು. ಈಗಿನದು ಹಾಗಲ್ಲ. ಬಂದರೆ ಪೂರ್ತಿ, ಇಲ್ಲದಿದ್ದರೆ ಚೌಕ ಚೌಕವಾಗಿ ಒಡೆದುಹೋಗುತ್ತದೆ.

ಅಂಥ ಜಾಗಗಳಿಗೆಂದೇ ಅವನ ಹತ್ತಿರ ಒಂದು ವಿದ್ಯೆಯಿತ್ತು. ಆಂಟೆನಾವನ್ನು ಕೈಯಲ್ಲಿ ಹಿಡಿದು ನಿಂತರೆ ಮನುಷ್ಯನ ಮೈಯೂ ಕಡ್ಡಿಯ ಜೊತೆ ಸೇರಿಕೊಳ್ಳುತ್ತದೆ. ಬಾರದ ಚಿತ್ರ ಬರುತ್ತದೆ. ಕೈ ಬಿಟ್ಟರೆ ಹೋಗುತ್ತದೆ. ಗಿರಾಕಿಯ ಮನೆಯಲ್ಲಿ ಕಿಟಕಿಯ ಹತ್ತಿರ ಕಡ್ಡಿಯನ್ನು ಸರಿಪಡಿಸುತ್ತಿರುವವನಂತೆ ಹಿಡಿದೇ ನಿಲ್ಲುವುದು, ಅವರು ನೋಡಿ ಬಾಯಿ ಬಿಟ್ಟು ದುಡ್ಡು ಕೊಡುವುದು, ರಸೀತಿ ಬರೆಯುವಾಗ ಟಿವಿ ಆರಿಸಿಬಿಡುವುದು, ಬೇಗ ಮೆಟ್ಟಿಲಿಳಿಯುವುದು. ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಇದನ್ನು ಹೆಮ್ಮೆಯಿಂದ ಹೇಳಿದ್ದ, ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಆಮೇಲೆ ಅದೇ ಮಾತು ಜಗಳಗಳಲ್ಲಿ ತಿರುಗಿ ಬರತೊಡಗಿತು: "ನಿಮ್ದೆಲ್ಲಾ ಕೈಲಿ ಹಿಡ್ಕೊಂಡಿರೋವರೆಗೆ ಅಷ್ಟೆ." ಹೊಲಿಗೆಯವಳೊಬ್ಬಳಿಗೆ ಹೀಗೆಯೇ ಮಾರಿದ್ದ. ತಗ್ಗಿನಲ್ಲಿದ್ದ ಒಂಟಿ ಕೋಣೆ, ದೇವರಾಣೆಗೂ ಅಲ್ಲಿಗೆ ಸಿಗ್ನಲ್ ಬರುವ ಹಾಗಿರಲಿಲ್ಲ. ಮುಂದೆ ಒಂದು ದಿನ ಆ ದಾರಿಯಲ್ಲಿ ಹೋಗುವಾಗ ಕಿಟಕಿ ತೆರೆದಿತ್ತು. ಅವಳು ಮೆಷಿನ್ ತುಳಿಯುತ್ತ ಧಾರಾವಾಹಿ ನೋಡುತ್ತಿದ್ದಳು; ಅವಳ ಗಂಡ ಕಿಟಕಿಯ ಪಕ್ಕ ಕಡ್ಡಿಯನ್ನು ಎತ್ತಿ ಹಿಡಿದು ನಿಂತಿದ್ದ. ಅವರೇ ಕಂಡುಕೊಂಡಿದ್ದರು. ಗಂಡ ಇವನನ್ನು ಕಂಡು ಸಿಟ್ಟಾಗಲಿಲ್ಲ, ಬಿಡುವಿದ್ದ ಕೈಯನ್ನು ಎತ್ತಿ ಬೀಸಿದ. ಬೈದಿದ್ದರೆ ಮರೆತುಹೋಗುತ್ತಿತ್ತು. ಆ ಬೀಸಿದ ಕೈ ಇವತ್ತಿಗೂ, ಹೀಗೆ ಬಾಲ್ಕನಿಯಲ್ಲಿ ಒಬ್ಬನೇ ಮೊಣಕಾಲೂರಿ ವೈರಿನ ತುದಿ ಸುಲಿಯುವಾಗ, ಕಣ್ಣಿನ ಮುಂದೆ ಬಂದು ಬೀಸುತ್ತದೆ.

ವೈರನ್ನು ಟಿವಿಗೆ ಸಿಕ್ಕಿಸಿ ಬಂದು, ಕಡ್ಡಿಯನ್ನು ಕೈಯಲ್ಲಿ ಎತ್ತಿ ಹಿಡಿದು, "ಈಗ ಹುಡುಕ್ಸಿ ಭಾವ," ಎಂದ. ಷಡ್ಡಕ ರಿಮೋಟ್ ಒತ್ತಿದ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಹಾಲಿನಲ್ಲಿ ಒಮ್ಮೆಗೇ ಜನರ ಮಾತು, ನಗು, ಸಂಗೀತ ತುಂಬಿಕೊಂಡಿತು. "ಅರೆ," ಎಂದ ದಂತವೈದ್ಯ. ಯಾವುದೋ ಹಳೆಯ ಹಾಸ್ಯ ಸಿನಿಮಾ. ಅತ್ತೆ ಸೋಫಾದ ತುದಿಯಿಂದ ಹಿಂದಕ್ಕೆ ಸರಿದು ಆರಾಮಾಗಿ ಒರಗಿದರು. ಈಗ ಒಂದೇ ಪ್ರಶ್ನೆ ಉಳಿದಿತ್ತು. ಕಡ್ಡಿಯನ್ನು ಬಾಲ್ಕನಿಯ ಕಟ್ಟೆಗೆ ಒರಗಿಸಿ, ಉಸಿರು ಬಿಗಿ ಹಿಡಿದು, ಕೈ ತೆಗೆದ. ಅದೇ ಹೊತ್ತಿಗೆ ಗೋಡೆಯ ಆಚೆ ಲಿಫ್ಟು ನರಳಿತು, ಮತ್ತು ಚಿತ್ರ ಚೌಕಗಳಾಗಿ ಚೂರಾಯಿತು. ಒಳಗಿನಿಂದ ಅಯ್ಯೋ ಎಂಬ ದನಿ. ಅವನು ತಟ್ಟನೆ ಹಿಡಿದುಕೊಂಡ. ಎರಡು ಉಸಿರಿನಲ್ಲಿ ಚಿತ್ರ ಕೂಡಿಕೊಂಡಿತು. ಅಲ್ಲಿಗೆ ಮುಗಿಯಿತು ಎಂದು ಅವನಿಗೆ ಗೊತ್ತಾಯಿತು. ಇದೂ ಅಂಥದೇ ಮನೆ.

ಇಲ್ಲಿಂದ ಬೇಗ ಮೆಟ್ಟಿಲಿಳಿಯುವ ಹಾಗಿರಲಿಲ್ಲ. ಇದು ಊಟಕ್ಕೆ ಕರೆದ ಮನೆ, ಹೆಂಡತಿ ಒಳಗಿದ್ದಾಳೆ, ಪರೀಕ್ಷಕ ಸೋಫಾದಲ್ಲಿದ್ದಾನೆ. ದಂತವೈದ್ಯ ಒಪ್ಪಿಕೊಂಡು ಎದ್ದುಹೋಗುವ ತನಕ ನಿಲ್ಲಬೇಕು. ಮುಂದಿನದು ಆಮೇಲೆ, ಬೂಸ್ಟರ್ ಹಾಕೋಣ, ಮಾಳಿಗೆಯ ಮೇಲೆ ಏರಿಸೋಣ, ಏನಾದರೊಂದು ಸುಳ್ಳು ಆಗ ಬಾಯಿಗೆ ಬಂದೇ ಬರುತ್ತದೆ. ಅವನು ಟಿವಿಗೆ ಬೆನ್ನು ತಿರುಗಿಸಿ, ಕಡ್ಡಿ ಹಿಡಿದ ಕೈ ಒಳಗಿನವರಿಗೆ ಕಾಣದ ಹಾಗೆ ಮೈಯನ್ನು ಅಡ್ಡ ಮಾಡಿ, ಎದುರಿನ ಕಟ್ಟಡದ ಬಟ್ಟೆ ಒಣಹಾಕಿದ ಹಗ್ಗಗಳನ್ನು ನೋಡುತ್ತ ನಿಂತ. ಹಿಂದೆ ಜನ ನಗುತ್ತಿದ್ದರು. ಅವರು ನಗುವಾಗಲೆಲ್ಲ ಅದು ತನ್ನ ಬೆನ್ನಿನ ಮೇಲೆ ಬಿತ್ತೆಂದು ಅನ್ನಿಸುತ್ತಿತ್ತು. ಅವರು ನೋಡುತ್ತಿರುವ ಚಿತ್ರ ತನ್ನ ಮೈಯೊಳಗಿನಿಂದ ಹಾದು ಹೋಗುತ್ತಿದೆ, ಆ ನಟ ತನ್ನ ಮೂಳೆಯೊಳಗೆ ಜಾರಿ ಬೀಳುತ್ತಿದ್ದಾನೆ, ಮತ್ತು ತನಗೊಬ್ಬನಿಗೇ ಅದು ಕಾಣುವುದಿಲ್ಲ. "ಯಾರು ಇವರು?" ಎಂದು ದಂತವೈದ್ಯ ಕೇಳಿದ್ದು ಕಿವಿಗೆ ಬಿತ್ತು. "ಇವ್ನಾ? ಕಡ್ಡಿಯವನು," ಎಂದ ಷಡ್ಡಕ. ಅಷ್ಟಕ್ಕೇ ನಿಲ್ಲಿಸಿದ. ನನ್ನ ಹೆಂಡತಿಯ ತಂಗಿಯ ಗಂಡ ಎಂದು ಹೇಳಲು ಎಷ್ಟು ಉಸಿರು ಬೇಕು? ಸಿನಿಮಾದಲ್ಲಿ ಮಗ್ನನಾಗಿ ಹಾಗೆ ಹೇಳಿದ್ದಿರಬಹುದು ಎಂಬ ಯೋಚನೆಯೂ ಬಂತು. ಅದನ್ನು ಅವನು ಒಳಗೆ ಬಿಟ್ಟುಕೊಳ್ಳಲಿಲ್ಲ.

ಮೊದಲು ಹೆಂಡತಿಯ ಅಕ್ಕ ಬಂದು ಕರೆದಳು. "ಬನ್ನಿ, ತಟ್ಟೆ ಹಾಕಿದೀನಿ." "ಇನ್ನೊಂದು ಚೂರು ಸರಿ ಮಾಡ್ಬೇಕು, ನೀವು ಶುರು ಮಾಡಿ." ಒಳಗೆ ತಟ್ಟೆಗಳು ಸದ್ದು ಮಾಡಿದವು. ಎಲ್ಲರೂ ಟಿವಿ ಬಿಡಲಾರದೆ ಹಾಲಿನಲ್ಲೇ ಕೂತು ಉಣ್ಣತೊಡಗಿದರು. ಆಮೇಲೆ ಹೆಂಡತಿ ಬಂದಳು. ಹತ್ತಿರ ಬರಲಿಲ್ಲ, ಬಾಲ್ಕನಿಯ ಬಾಗಿಲಲ್ಲೇ ನಿಂತು, "ಏನ್ರೀ ಇದು, ಎಲ್ರೂ ಕೂತಿದಾರೆ, ನೀವೊಬ್ರೇ ಹೀಗೆ ಬೆನ್ನು ಹಾಕ್ಕೊಂಡು ನಿಂತ್ರೆ ಅವ್ರು ಏನಂದ್ಕೋಬೇಕು?" ಎಂದಳು. ಅವನು ತಿರುಗಿ, ಕಣ್ಣಿನಿಂದಲೇ ಕೈಯ ಕಡೆ ತೋರಿಸಿದ. ಅವಳು ಕೈಯನ್ನು ನೋಡಿದಳು, ಕಡ್ಡಿಯನ್ನು ನೋಡಿದಳು, ಮತ್ತೆ ಅವನ ಮುಖ ನೋಡಿದಳು. ಎಲ್ಲ ತಿಳಿದುಕೊಂಡಳು. ತಿಳಿದುಕೊಂಡ ಮೇಲೆ ಅವಳ ಮುಖದಲ್ಲಿ ಮೂಡಿದ್ದು ಮರುಕವಲ್ಲ. "ನಮ್ಮಕ್ಕನ ಮನೇಲೂನಾ?" ಎಂದು ಮೆಲ್ಲಗೆ ಹೇಳಿ ಒಳಗೆ ಹೋದಳು.

ಭುಜ ಸೆಳೆಯತೊಡಗಿತು. ಕೈ ಬದಲಿಸಲು ಭಯ. ಒಮ್ಮೆ ಧೈರ್ಯ ಮಾಡಿ ಕಿರುಬೆರಳನ್ನು ಸಡಿಲಿಸಿದ, ಆಮೇಲೆ ಅದರ ಪಕ್ಕದ್ದನ್ನು. ಚಿತ್ರ ಹಾಗೇ ಇತ್ತು. ಮೂರನೆಯ ಬೆರಳು ಎತ್ತಿದ್ದೇ, ಲಿಫ್ಟು ಮತ್ತೆ ಯಾರನ್ನೋ ಹೊತ್ತು ನರಳುತ್ತ ಮೇಲೆ ಬಂತು, ಹಿಂದೆ ನಟನ ಮಾತು ಬಿಕ್ಕಿ ಬಿಕ್ಕಿ ನಿಂತಿತು. ಅವನು ಐದೂ ಬೆರಳನ್ನು ಮತ್ತೆ ಬಿಗಿದ. ಇನ್ನು ಪರೀಕ್ಷೆ ಮಾಡುವುದಿಲ್ಲ ಎಂದು ನಿಶ್ಚಯಿಸಿದ. ಅನ್ನದ ಬಿಸಿ ವಾಸನೆ ಬಂದು ಹೊಟ್ಟೆ ಚುರುಗುಟ್ಟಿತು. ಇವರನ್ನೆಲ್ಲ ಉಣ್ಣಿಸುತ್ತ ನಗಿಸುತ್ತ ನಿಂತಿರುವ ಕಂಬ ನಾನು ಎಂದುಕೊಂಡ. ಬಿಟ್ಟುಬಿಟ್ಟರೆ? ಎಲ್ಲರ ತುತ್ತು ಬಾಯಿಯ ಹತ್ತಿರ ನಿಲ್ಲುತ್ತದೆ. ಆ ಅಧಿಕಾರ ತನ್ನ ಐದು ಬೆರಳಿನಲ್ಲಿದೆ ಎಂದು ಒಂದು ಕ್ಷಣ ಹಿತವಾಯಿತು. ಆಮೇಲೆ ಗೇಟಿನ ಪಕ್ಕದ ಕುರ್ಚಿ ಕಂಡಿತು, ಅದರ ಮುರಿದ ಕೈ ಕಂಡಿತು. ಹೊಲಿಗೆಯವಳ ಗಂಡ ದಿನಾ ಹೀಗೇ ನಿಲ್ಲುತ್ತಿದ್ದನಲ್ಲ, ಅವನಿಗೆ ಕೈ ನೋಯುತ್ತಿರಲಿಲ್ಲವೇ? ಅವನು ಹೆಂಡತಿಗೋಸ್ಕರ ನಿಂತಿದ್ದ. ಅದು ಬೇರೆ ಲೆಕ್ಕ.

ಕೊನೆಗೆ ಷಡ್ಡಕನೇ ಬಂದ. ಅವನ ಒಂದು ಕೈಯಲ್ಲಿ ಬಡಿಸಿದ ತಟ್ಟೆಯಿತ್ತು. ಬೇರೆಯವರ ಮುಂದೆ ಮಾತಾಡುವ ದನಿ ಅದಲ್ಲ, ತಗ್ಗಿದ ದನಿಯಲ್ಲಿ, "ಚೆನ್ನಾಗಿ ಬರ್ತಿದೆ ಕಣಯ್ಯ," ಎಂದ. "ನಿಜ ಹೇಳ್ಬೇಕು ಅಂದ್ರೆ ನಾನು ಅಂದ್ಕೊಂಡಿರ್ಲಿಲ್ಲ. ಅತ್ತೆ ಎರಡು ವಾರದಿಂದ ಸಪ್ಪಗಿದ್ರು, ಈಗ ನೋಡು ಹೇಗೆ ನಗ್ತಿದಾರೆ. ಡಾಕ್ಟ್ರೂ ಒಪ್ಪಿದಾರೆ. ಸಾಕು ಬಿಡು ಅದನ್ನ, ಬಾ, ನನ್ನ ಪಕ್ಕ ಕೂತ್ಕೊ." ಅವನು ಈ ದನಿಗೆ ಸಿದ್ಧನಾಗಿರಲಿಲ್ಲ. ಕುಹಕಕ್ಕೆ ಉತ್ತರ ಹೊಂದಿಸಿಕೊಂಡು ನಿಂತವನಿಗೆ ಇದನ್ನು ಹೇಗೆ ಎದುರಿಸಬೇಕೆಂದು ತಿಳಿಯಲಿಲ್ಲ. ಬಿಡು ಎನ್ನುತ್ತಿದ್ದಾನೆ. ಗೊತ್ತಾಗಿಬಿಟ್ಟಿದೆ, ಹೆಂಡತಿ ಒಳಗೆ ಹೋಗಿ ಹೇಳಿದ್ದಾಳೆ, ಕೈ ಬಿಡಿಸಿ, ಚಿತ್ರ ಚೂರಾಗುವುದನ್ನು ಎಲ್ಲರಿಗೂ ತೋರಿಸಿ, ಆಮೇಲೆ ನಗುವ ಹುನ್ನಾರ ಇದು. ಷಡ್ಡಕ ಅವನ ಮಣಿಕಟ್ಟನ್ನು ಹಿಡಿದು ಎಳೆದ, ಪ್ರೀತಿಯಿಂದ ಎಳೆಯುವ ಹಾಗೇ ಎಳೆದ. "ಮುಟ್ಟಬೇಡಿ," ಎಂದು ಕಿರುಚಿ ಅವನು ಇನ್ನೊಂದು ಕೈಯಿಂದ ನೂಕಿದ. ತಟ್ಟೆ ಷಡ್ಡಕನ ಎದೆಗೆ ಬಡಿದು, ಅನ್ನ, ಸಾರು, ಸಿಹಿ ಎಲ್ಲ ಆ ಬಿಳಿ ಅಂಗಿಯ ಮೇಲೆ ಇಳಿದು, ತಟ್ಟೆ ನೆಲದ ಮೇಲೆ ಗಿರಗಿರ ತಿರುಗಿ ನಿಂತಿತು.

ಒಳಗೆ ಸಿನಿಮಾ ಮಾತ್ರ ಮಾತಾಡುತ್ತಿತ್ತು. ದಂತವೈದ್ಯ ಅಗಿಯುವುದನ್ನು ನಿಲ್ಲಿಸಿದ್ದ. ಹೆಂಡತಿಯ ಅಕ್ಕ ಗಂಡನ ಹತ್ತಿರ ಓಡಿದಳು. ಹೆಂಡತಿ ಓಡಲಿಲ್ಲ, ನಿಧಾನವಾಗಿ ಬಂದು, ಅವನ ಮುಷ್ಟಿಯನ್ನು ಎರಡೂ ಕೈಗಳಿಂದ ಹಿಡಿದು, ಸತ್ತವರ ಕೈಯಿಂದ ಉಂಗುರ ತೆಗೆಯುವಂತೆ ಒಂದೊಂದೇ ಬೆರಳನ್ನು ಬಿಡಿಸಿದಳು. ಅವನು ಬೇಡ ಎಂದು ತಲೆಯಾಡಿಸಿದ. ಅವಳು ಕಡ್ಡಿಯನ್ನು ಕಿತ್ತುಕೊಂಡು ಬಾಲ್ಕನಿಯ ಕಟ್ಟೆಯ ಮೇಲೆ ಮಲಗಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಸೆರಗಿಗೆ ಕೈ ಒರೆಸಿಕೊಂಡಳು.

ಚಿತ್ರ ಹೋಗಲಿಲ್ಲ.

ಬೆನ್ನು ಹಾಕಿ ನಿಂತ ಮೇಲೆ ಅವನು ಮೊದಲ ಸಲ ತಿರುಗಿ ಟಿವಿಯನ್ನು ನೋಡಿದ. ಒಬ್ಬ ದಪ್ಪನೆಯ ನಟ ಏಣಿಯ ಮೇಲೆ ನಿಂತು ಕೈ ಕಾಲು ಆಡಿಸುತ್ತಿದ್ದ. ನಟನ ಅಂಗಿಯ ಗುಂಡಿ ಕೂಡ ಎಣಿಸುವ ಹಾಗೆ ಸ್ಪಷ್ಟವಾಗಿತ್ತು. ಇವನು ಕಾಯುತ್ತ ನಿಂತ. ಒಡೆಯಲಿ ಎಂದು ಕಾದ. ಈಗ ಒಡೆಯದಿದ್ದರೆ ತನ್ನ ಮಾನ ಉಳಿಯುವುದಿಲ್ಲ. ಗೋಡೆಯ ಆಚೆ ಲಿಫ್ಟು ನರಳಿತು, ಚಿತ್ರ ಚೌಕಗಳಾಗಿ ಒಡೆಯಿತು, ಅವನ ಜೀವ ತುಸು ಬಂದಂತಾಯಿತು. ಲಿಫ್ಟು ನಿಂತಿತು. ಚಿತ್ರ ಮತ್ತೆ ಕೂಡಿಕೊಂಡಿತು. ಕಟ್ಟೆಯ ಮೇಲೆ ಕಡ್ಡಿ ಯಾರ ಹಂಗೂ ಇಲ್ಲದೆ ಮಲಗಿತ್ತು. "ಲಿಫ್ಟ್ ಬಂದಾಗೆಲ್ಲಾ ಹೀಗೇ ಒಂಚೂರು ಆಗುತ್ತೆ," ಎಂದು ಅತ್ತೆ ದಂತವೈದ್ಯನಿಗೆ ಸಮಾಧಾನ ಹೇಳುವವರಂತೆ ಹೇಳಿದರು, "ಆಗ್ಲಿಂದ ನೋಡ್ತಿದೀನಿ. ಆಮೇಲೆ ತಾನೇ ಸರಿ ಹೋಗುತ್ತೆ." ತಾ ಕಳ್ಳ ಪರರ ನಂಬ ಎನ್ನುತ್ತಾರೆ. ಪರರ ಮಾತು ಹಾಗಿರಲಿ, ಅವನು ತಾನು ಮಾರುವ ಕಡ್ಡಿಯನ್ನೇ ನಂಬಿರಲಿಲ್ಲ. ಇಷ್ಟು ವರ್ಷಗಳಲ್ಲಿ ಯಾವ ಮನೆಯಲ್ಲಿ ಅದು ತಾನಾಗಿ ಚಿತ್ರ ತಂದಿತ್ತು, ಯಾವ ಮನೆಯಲ್ಲಿ ತಾನು ತಂದಿದ್ದೆ ಎಂಬುದು ಅವನಿಗೆ ಈಗ ನೆನಪಾಗಲೊಲ್ಲದು.

ಷಡ್ಡಕ ಕೂಗಾಡಿದ್ದರೆ ಆಗುತ್ತಿತ್ತು. ಕೊರಳಪಟ್ಟಿ ಹಿಡಿದಿದ್ದರೆ ಇನ್ನೂ ಚೆನ್ನಾಗಿತ್ತು. ಅವನು ಎದೆಯ ಮೇಲಿನ ಅನ್ನವನ್ನು ಬೆರಳಿನಿಂದ ಕೊಡವಿಕೊಂಡು, ಕೆಂಪಾದ ಮುಖವನ್ನು ಒಂದು ಕ್ಷಣ ಆ ಕಡೆ ತಿರುಗಿಸಿ, ಮತ್ತೆ ಈ ಕಡೆ ತಿರುಗಿದಾಗ ನಗುತ್ತಿದ್ದ. "ಏನೂ ಆಗಿಲ್ಲ ಡಾಕ್ಟ್ರೆ, ನೀವು ಊಟ ಮಾಡಿ," ಎಂದ. "ಕಡ್ಡಿ ಚೆನ್ನಾಗಿದೆ, ಕಡ್ಡಿರಾಯಂಗೆ ಬಿಸಿಲಲ್ಲಿ ನಿಂತು ಸ್ವಲ್ಪ ತಲೆ ಕೆಟ್ಟಿದೆ. ನಮ್ಮ ಮನೆ ಅಳಿಯಾನೇ ಅಲ್ವಾ, ಎಲ್ಲಿ ಹೋಗ್ತಾನೆ. ಅಂಗಿದೇನಿದೆ, ಒಗೆದ್ರೆ ಹೋಗುತ್ತೆ. ಎಲ್ಲಾ ಮನೆಗೂ ಇವನ ಹತ್ರಾನೇ ತಗೊಳ್ಳೋಣ, ನಾನು ಹೇಳಿದ ಮೇಲೆ ಮುಗೀತು." ದಂತವೈದ್ಯ ನಕ್ಕ. ಅಕ್ಕ ನಕ್ಕಳು. ಅತ್ತೆ ಟಿವಿಯನ್ನು ನೋಡಿ ನಕ್ಕರು. ಗೆದ್ದದ್ದು ಕಡ್ಡಿರಾಯನೇ, ನಲವತ್ತು ಮನೆಯೂ ಅವನದಾಗಿತ್ತು, ಆದರೆ ಷಡ್ಡಕನ ಎದೆಯ ಮೇಲಿನ ಸಾರಿನ ಕಲೆಯ ಮೂಲಕ, ಆ ದೊಡ್ಡತನದ ಮೂಲಕ. ಇನ್ನು ಪ್ರತಿ ಊಟದ ಮೇಜಿನಲ್ಲೂ ಈ ಅಂಗಿಯ ಕತೆ ಅಭಿನಯವಾಗುತ್ತದೆ. ತಾನು ನಗಬೇಕಾಗುತ್ತದೆ. ಅದಕ್ಕಿಂತ ಆ ಕುರ್ಚಿಯೇ ಮೇಲು ಎನ್ನಿಸಿತು. ಕುರ್ಚಿಯಲ್ಲಿ ಕೂತು ದ್ವೇಷಿಸಬಹುದು.

ಅವನು ಕಟ್ಟೆಯ ಮೇಲಿನ ಕಡ್ಡಿಯನ್ನು ಎತ್ತಿಕೊಂಡ. ಒಂದೇ ಎಳೆತಕ್ಕೆ ವೈರನ್ನು ಅದರಿಂದ ಕಿತ್ತ. ಹಾಲಿನ ನಗು ಅರ್ಧಕ್ಕೆ ನಿಂತಿತು. ಪರದೆ ನೀಲಿಯಾಗಿ, ಸಿಗ್ನಲ್ ಇಲ್ಲ ಎಂಬ ಬರಹ ಅದರ ಮೇಲೆ ಅಲೆದಾಡತೊಡಗಿತು. "ಬರಲ್ಲ," ಎಂದ ಅವನು, ಕಡ್ಡಿ ಮುರಿದಂತೆ. "ಈ ಕಟ್ಟಡಕ್ಕೆ ಸಿಗ್ನಲ್ ಬರಲ್ಲ. ಎದುರಿಗೆ ಗೋಡೆ ಇದೆ."

"ಬರ್ತಿತ್ತಲ್ಲ," ಎಂದರು ಅತ್ತೆ.

"ಬರಲ್ಲ ಅತ್ತೆ."

"ನಾನೇ ನೋಡ್ತಿದ್ನಲ್ಲಪ್ಪ. ಏಣಿ ಮೇಲಿಂದ ಬೀಳೋದ್ರಲ್ಲಿದ್ದ."

ಗಿರಾಕಿಗಳ ಕಣ್ಣಿಗೆ ಬಾರದ್ದನ್ನು ಬರುತ್ತದೆಂದು ತೋರಿಸಿ ಬದುಕಿದವನು, ಎಲ್ಲರ ಕಣ್ಣೆದುರು ಬಂದದ್ದನ್ನು ಬರುವುದಿಲ್ಲ ಎನ್ನುತ್ತಿದ್ದ, ನಾಲಿಗೆ ತಡವರಿಸಲಿಲ್ಲ. ಚೀಲ ತುಂಬಿ, ಯಾರ ಮುಖವನ್ನೂ ನೋಡದೆ ಹಾಲನ್ನು ದಾಟಿದ. ಷಡ್ಡಕ ಈಗ ನಗುತ್ತಿರಲಿಲ್ಲ. ಅದೊಂದು ಸಮಾಧಾನ, ಬಾಗಿಲು ದಾಟುವವರೆಗೆ ಉಳಿಯಿತು.

ಲಿಫ್ಟಿನ ಗುಂಡಿ ಒತ್ತಿ ನಿಂತಿದ್ದಾಗ ಹೆಂಡತಿ ಹೊರಗೆ ಬಂದಳು. ಟಿವಿಗೆ ಸಿಕ್ಕಿಸಿದ್ದ ವೈರನ್ನು ಬಿಚ್ಚಿ, ಅಚ್ಚುಕಟ್ಟಾಗಿ ಸುತ್ತಿ ತಂದಿದ್ದಳು. "ಇದನ್ನ ಬಿಟ್ಟು ಬಂದ್ರಿ," ಎಂದು ಅವನ ಹೆಗಲಿಗೆ ಹಾಕಿದಳು. ಅವಳು ಚಪ್ಪಲಿ ಮೆಟ್ಟಿರಲಿಲ್ಲ. ಜೊತೆಗೆ ಬರುವುದಿಲ್ಲ ಎಂದು ಅದರಿಂದಲೇ ತಿಳಿಯಿತು. ಲಿಫ್ಟು ಬಂದು ನಿಂತು ಬಾಗಿಲು ತೆರೆಯಿತು. ಅವನು ಒಳಗೆ ಹೋಗಿ ತಿರುಗಿ ನಿಂತ. ಬಲಗೈ ಇನ್ನೂ ಪೂರ್ತಿ ಕೆಳಗಿಳಿದಿರಲಿಲ್ಲ, ಮೊಣಕೈ ತಾನಾಗಿ ಮಡಚಿಕೊಂಡು ಬೆರಳುಗಳು ಏನನ್ನೋ ಹಿಡಿದ ಹಾಗೆ ಇದ್ದವು. ಅವಳು ಅದನ್ನೇ ನೋಡುತ್ತ ಹೇಳಿದಳು.

"ಅಮ್ಮ ಇನ್ನೂ ನೀಲಿ ಪರದೆ ನೋಡ್ತಾ ಕೂತಿದಾರೆ. ಒಂದೇ ಒಂದು ಸಲ ನಿಜವಾಗ್ಲೂ ಬಂದಿತ್ತು, ಅದನ್ನೂ ಕಿತ್ಕೊಂಡ್ರಿ." ಆಮೇಲೆ ಕಣ್ಣೆತ್ತಿ, "ಭಾವ ಅಂದ್ರು, ಆ ಕುರ್ಚಿ ಇನ್ನೂ ಖಾಲಿ ಇದೆಯಂತೆ. ನಾಳೆ ಬೆಳಿಗ್ಗೆ ಬರೋಕೆ ಹೇಳು ಅಂದ್ರು."

ಬಾಗಿಲು ಮುಚ್ಚಿತು. ಲಿಫ್ಟು ನರಳುತ್ತ ಕೆಳಗಿಳಿಯಿತು. ಅದು ಇಳಿಯುವಾಗ ಒಡೆಯಲು ಈ ಕಟ್ಟಡದ ಯಾವ ಮನೆಯಲ್ಲೂ ಚಿತ್ರವಿರಲಿಲ್ಲ.